ವಿಯೆನ್ನಾಗೆ ಒಬ್ಬಳೇ, ಎಲೆ ಉದುರುವ ಕಾಲಕ್ಕೆ

ಈ ಸಲ ದಸರಾ ಗೊಂಬೆಗಳನ್ನು ಎತ್ತಿಟ್ಟ ಮೇಲೆ ಮತ್ತೆ ವಿಯೆನ್ನಾಗೆ ಹೊರಡುತ್ತೇನೆ, ಮತ್ತೆ ಒಬ್ಬಳೇ. ಸುದ್ದಿ ತಿಳಿದ ನಂಟರೆಲ್ಲ ಕೇಳುವುದು ಒಂದೇ ಮಾತು: “ಜೊತೆಗೆ ಯಾರೂ ಇಲ್ವಾ? ಬೇಜಾರಾಗಲ್ವಾ?” ಹೋದ ಸಲ ಬೇಜಾರು ನನ್ನ ಹತ್ತಿರ ಸುಳಿಯಲಿಲ್ಲ. ದಣಿಸಿದ್ದು ಸಣ್ಣಪುಟ್ಟ ತೀರ್ಮಾನಗಳು. ಎಲ್ಲಿ ತಿನ್ನುವುದು, ಯಾವ ಟ್ರಾಮ್ ಹತ್ತುವುದು, ಕತ್ತಲಾಗುವಷ್ಟರಲ್ಲಿ ಎಲ್ಲಿರಬೇಕು ಎಂಬುದನ್ನೆಲ್ಲ ಒಬ್ಬರೇ ಯೋಚಿಸಬೇಕು. ಅದರಲ್ಲಿ ಅರ್ಧವನ್ನಾದರೂ ಮನೆಯಲ್ಲೇ ಮುಗಿಸಿಕೊಂಡರೆ ಅಲ್ಲಿ ಮನಸ್ಸು ಹಗುರಾಗಿರುತ್ತದೆ. ಹಾಗಾಗಿ ನನ್ನ ಪ್ರವಾಸ ಈಗಲೇ ಶುರುವಾಗಿದೆ.

ಮೊದಲು ಕಾಗದಪತ್ರ. ಷೆಂಗೆನ್ ವೀಸಾಗೆ ಹೊರಡುವ 6 ತಿಂಗಳು ಮುಂಚಿನಿಂದಲೇ ಅರ್ಜಿ ಹಾಕಬಹುದು. ಕೊನೇಪಕ್ಷ 15 ದಿನ ಮೊದಲಾದರೂ ಹಾಕಬೇಕು. ನಾನು ಆಷಾಢದಲ್ಲೇ ಹಾಕಿದೆ. ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಕಡ್ಡಾಯ. ಜ್ವರ ಬಂದರೆ ನೋಡಿಕೊಳ್ಳುವವರಿಲ್ಲದ ಪ್ರಯಾಣದಲ್ಲಿ ಆ ವಿಮೆಯ ಷರತ್ತುಗಳನ್ನು ಪೂರ್ತಿ ಓದಿಟ್ಟುಕೊಳ್ಳಬೇಕು.

ಆಮೇಲೆ ಬೆಳಕಿನ ಲೆಕ್ಕ. ಅಕ್ಟೋಬರಿನ ಕೊನೆಯ ಭಾನುವಾರ ಯುರೋಪಿನ ಗಡಿಯಾರಗಳು ಒಂದು ಗಂಟೆ ಹಿಂದಕ್ಕೆ ಹೋಗುತ್ತವೆ. ನಮಗೂ ವಿಯೆನ್ನಾಗೂ ಇರುವ ಮೂರೂವರೆ ಗಂಟೆಯ ಅಂತರ ರಾತ್ರೋರಾತ್ರಿ ನಾಲ್ಕೂವರೆಯಾಗುತ್ತದೆ. ಅಮ್ಮನಿಗೆ ಫೋನ್ ಮಾಡುವ ಹೊತ್ತನ್ನೂ ಬದಲಿಸಬೇಕು. ಅಂದಿನಿಂದ ಸಂಜೆ ಐದಕ್ಕೂ ಮೊದಲೇ ಸೂರ್ಯ ಮುಳುಗುತ್ತಾನೆ. ಆದ್ದರಿಂದ ಬಯಲಿನ ತಿರುಗಾಟ ಬೆಳಗ್ಗೆ, ಸೂರಿನಡಿಯದು ಸಂಜೆಗೆ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಅಕ್ಟೋಬರ್ 26 ಅವರ ರಾಷ್ಟ್ರೀಯ ದಿನ, ಅಂದೂ ಹಾಗೇ. ಹಣ್ಣು, ಬ್ರೆಡ್ಡು, ಮೊಸರು ಹಿಂದಿನ ದಿನವೇ ಕೋಣೆ ಸೇರಿರಬೇಕು.

ದಿನಕ್ಕೊಂದೇ ದೊಡ್ಡ ಜಾಗ ಎಂಬುದು ಇನ್ನೊಂದು ಪಾಠ. ಬೆಳಗ್ಗೆ ಪ್ರಾಟರ್ ಉದ್ಯಾನದ ಹೌಪ್ಟಾಲೇ ಎಂಬ 4.4 ಕಿಲೋಮೀಟರ್ ಉದ್ದದ ನೇರ ದಾರಿ. ಎರಡೂ ಬದಿಗೆ ಕುದುರೆ ಚೆಸ್ಟ್‌ನಟ್ ಮರಗಳು, ಕಾಲಡಿ ಕಂದು ಎಲೆ, ನುಣುಪು ಬೀಜ. ಆ ಬೀಜ ತಿನ್ನುವಂಥದ್ದಲ್ಲ. ರಸ್ತೆಬದಿಯ ಗೂಡಂಗಡಿಯಲ್ಲಿ ಹುರಿದು ಕಾಗದದ ಪೊಟ್ಟಣದಲ್ಲಿ ಕೊಡುವ ‘ಮರೋನಿ’ ಬೇರೆಯೇ ಮರದ್ದು. ಕೈ ಬೆಚ್ಚಗಾಗುತ್ತದೆ, ಹಸಿವೂ ಅಡಗುತ್ತದೆ.

ಸಂಜೆಗೆ ಕುನ್ಸ್ಟ್‌ಹಿಸ್ಟೋರಿಷೆಸ್ ಮ್ಯೂಸಿಯಂ. ಗುರುವಾರ ಅದು ರಾತ್ರಿ 9ರವರೆಗೆ ತೆರೆದಿರುತ್ತದೆ. ಪೀಟರ್ ಬ್ರೂಗೆಲ್ 1565ರಲ್ಲಿ ಋತುಗಳ ಮೇಲೆ ಬರೆದ ಚಿತ್ರಮಾಲೆಯ ಮೂರು ಚಿತ್ರಗಳು ಅಲ್ಲಿವೆ. ಹಿಮದಲ್ಲಿ ಬೇಟೆಗಾರರು ಮರಳುವ ಚಿತ್ರದ ಮುಂದೆ ಸದಾ ಜನ. ನನ್ನನ್ನು ಹಿಡಿದು ನಿಲ್ಲಿಸಿದ್ದು ಶರತ್ಕಾಲದ ಚಿತ್ರ: ಬೆಟ್ಟದ ಹುಲ್ಲುಗಾವಲಿನಿಂದ ದನಗಳನ್ನು ಊರಿಗೆ ಹೊಡೆದುಕೊಂಡು ಬರುತ್ತಿದ್ದಾರೆ, ಮೇಲೆ ಮೋಡ ಕಪ್ಪಿಡುತ್ತಿದೆ. ಬೆನ್ನು ತಿರುಗಿಸಿ ನಡೆಯುವ ಆ ದನಗಳನ್ನು ಎಷ್ಟು ಹೊತ್ತು ನೋಡಿದೆನೋ! ಹೊತ್ತಾಯಿತು ಎನ್ನುವವರು ಪಕ್ಕದಲ್ಲಿರಲಿಲ್ಲ. ಒಂಟಿ ಪ್ರಯಾಣದಿಂದ ನನಗೆ ಸಿಕ್ಕ ಅತಿ ದೊಡ್ಡ ಸಂಪತ್ತು ಅದು.

ಒಬ್ಬರೇ ಕೂತು ತಿನ್ನುವ ಸಂಕೋಚ ಅನೇಕ ಹೆಂಗಸರಿಗಿದೆ. ವಿಯೆನ್ನಾದ ಕಾಫಿಮನೆಗಳು ಅದನ್ನು ಕಳೆಯುತ್ತವೆ. ಮೆಲಾಂಜ್ ಕಾಫಿಯ ಜೊತೆ ತಟ್ಟೆಯಲ್ಲಿ ಒಂದು ಲೋಟ ನೀರು ಬರುತ್ತದೆ, ಓದಲು ಪತ್ರಿಕೆಗಳಿರುತ್ತವೆ. ಒಂದೇ ಕಪ್ಪಿಗೆ ಗಂಟೆಗಟ್ಟಲೆ ಕೂತರೂ ಎಬ್ಬಿಸುವುದಿಲ್ಲ. ಆಸ್ಟ್ರಿಯಾ 2011ರಲ್ಲಿ ಈ ಕಾಫಿಮನೆ ಸಂಸ್ಕೃತಿಯನ್ನು ತನ್ನ ಅಮೂರ್ತ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ ಸೇರಿಸಿದೆ. ನಮ್ಮಂಥ ಸಸ್ಯಾಹಾರಿಗಳಿಗೆ ಚೀಸ್ ಹಾಕಿದ ಷ್ಪೆಟ್ಸ್‌ಲೆ ಇದೆ. ಆದರೂ “ಮಾಂಸ ಬೇಡ, ಹ್ಯಾಮ್ ಬೇಡ” ಎಂದು ಬಿಡಿಸಿ ಹೇಳುವುದು ವಾಸಿ.

ಒಂದು ದಿನವನ್ನು ಮಾತ್ರ ಖಾಲಿ ಬಿಟ್ಟಿದ್ದೇನೆ. ಬಿಸಿಲಿದ್ದರೆ ಡಿ ಟ್ರಾಮ್ ಹಿಡಿದು ನುಸ್‌ಡಾರ್ಫ್‌ನಲ್ಲಿ ಇಳಿದು, ದ್ರಾಕ್ಷಿತೋಟಗಳ ನಡುವೆ 484 ಮೀಟರ್ ಎತ್ತರದ ಕಾಹ್ಲನ್‌ಬರ್ಗ್ ಗುಡ್ಡ ಹತ್ತುವೆ. ಮಳೆ ಬಂದರೆ ಒಪೆರಾದಲ್ಲಿ ನಿಂತು ನೋಡುವ ಅಗ್ಗದ ಟಿಕೆಟ್. ಒಬ್ಬರಿಗೆ ಜಾಗ ಸಿಗುವುದು ಸುಲಭ.

ಹೊರಡಬೇಕೆಂಬ ಆಸೆಯಿದ್ದೂ ಜೊತೆಗಾಗಿ ಕಾಯುತ್ತಿರುವ ಅಕ್ಕತಂಗಿಯರಿಗೆ ನಾನು ಹೇಳುವುದು ಇಷ್ಟು: ಊರು ಒಂದೇ ಇರಲಿ, ತಂಗುವ ಕೋಣೆ ಟ್ರಾಮ್ ನಿಲ್ದಾಣದ ಹತ್ತಿರವಿರಲಿ, ಸಂಜೆಯ ಜಾಗ ಮೊದಲೇ ಗೊತ್ತಿರಲಿ. ಇಷ್ಟಾದರೆ ಧೈರ್ಯವಾಗಿ ಟಿಕೆಟ್ ಮಾಡಿಸಿ.