ಸೀಟು ಏರಿಸಿ, ಮೊಣಕಾಲು ಉಳಿಸಿ

ಕಳೆದ ತಿಂಗಳು ದ್ವಿತೀಯ ಪಿಯು ವಿದ್ಯಾರ್ಥಿಯೊಬ್ಬ ಮೆಟ್ಟಿಲಲ್ಲಿ ಮೊಣಕಾಲು ಹಿಡಿದು ನಿಂತಿದ್ದ. ಕುರುಗೋಡು ರಸ್ತೆಯ ಹಳ್ಳಿಯಿಂದ ಸೈಕಲ್‌ನಲ್ಲಿ ಬರುತ್ತಾನೆ. "ಸೈಕಲ್ ಬಿಟ್ಬಿಡ್ತೀನಿ ಸರ್" ಎಂದ. ಬಿಟ್ಟರೆ ಬಸ್ಸೇ ಗತಿ, ಬಸ್ಸು ತಪ್ಪಿದರೆ ಮೊದಲ ಪೀರಿಯಡ್ ಇಲ್ಲ. ಹೋಗಿ ಸೈಕಲ್ ನೋಡಿದೆ. ಹುಡುಗ ಬೆಳೆದಿದ್ದ, ಸೀಟು ಎಂಟನೇ ತರಗತಿಯಲ್ಲೇ ಇತ್ತು.

ನಮ್ಮಲ್ಲಿ ಬಹಳ ಜನರದು ಇದೇ ಕಥೆ. 2006-07ರಲ್ಲಿ ಆರಂಭವಾದ ಸರ್ಕಾರಿ ಯೋಜನೆಯಲ್ಲಿ ಎಂಟನೇ ತರಗತಿಗೆ ಕೊಟ್ಟ ಸೈಕಲ್ಲು ಅಣ್ಣನಿಂದ ತಮ್ಮನಿಗೆ, ಅಕ್ಕನಿಂದ ತಂಗಿಗೆ ಬರುತ್ತದೆ. ಸೀಟಿನ ನಟ್ಟು ಮಾತ್ರ ಯಾರೂ ಮುಟ್ಟುವುದಿಲ್ಲ. ಸೀಟು ತಗ್ಗಿದ್ದರೆ ಮೊಣಕಾಲು ಪೂರ್ತಿ ಮಡಚಿಕೊಂಡಿರುವಾಗಲೇ ಭಾರ ಹಾಕಬೇಕಾಗುತ್ತದೆ. ಆಗ ಮಂಡಿಚಿಪ್ಪು ತೊಡೆಮೂಳೆಯನ್ನು ಹೆಚ್ಚು ಒತ್ತುತ್ತದೆ. ನೋವು ಅಲ್ಲಿಂದ ಬರುತ್ತದೆ.

ಅಳತೆ ಸುಲಭ. ಗೆಳೆಯನಿಗೆ ಸೈಕಲ್ ಹಿಡಿಯಲು ಹೇಳಿ ಸೀಟಿನ ಮೇಲೆ ಕುಳಿತುಕೊಳ್ಳಿ. ಪೆಡಲ್ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು, ಸೊಂಟ ವಾಲಬಾರದು. ತುಳಿಯುವಾಗ ಹಿಮ್ಮಡಿಯಲ್ಲ, ಹೆಬ್ಬೆರಳಿನ ಬುಡದ ಉಬ್ಬು ಪೆಡಲ್ ಮೇಲಿರಲಿ. ಆಗ ಮೊಣಕಾಲು ಸುಮಾರು 25ರಿಂದ 35 ಡಿಗ್ರಿ ಬಾಗಿರುತ್ತದೆ. ಸೀಟಿನ ಕಂಬದ ಮೇಲೆ ಗೆರೆಯ ಗುರುತಿದ್ದರೆ ಅದು ಹೊರಗೆ ಕಾಣುವಷ್ಟು ಎತ್ತಬೇಡಿ, ಕಂಬ ಮುರಿದೀತು. ಒಂದೇ ದಿನ ಎರಡಿಂಚು ಏರಿಸುವುದಕ್ಕಿಂತ ವಾರಕ್ಕೆ ಅರ್ಧ ಇಂಚಿನಂತೆ ಏರಿಸುವುದು ಮೇಲು. ನಿಂತಾಗ ಕಾಲು ನೆಲಕ್ಕೆ ಪೂರ್ತಿ ತಾಗುವುದಿಲ್ಲ, ಅದು ಸರಿಯೇ. ನಿಲ್ಲಿಸುವಾಗ ಸೀಟಿನಿಂದ ಮುಂದಕ್ಕೆ ಇಳಿಯುವುದನ್ನು ರೂಢಿ ಮಾಡಿಕೊಳ್ಳಿ.

ಇನ್ನು ತುಳಿತ. ಭೌತಶಾಸ್ತ್ರದಲ್ಲಿ ಓದಿದ ಟಾರ್ಕ್ ನೆನಪಿದೆಯಲ್ಲ? ಪೆಡಲ್ ತೋಳು ಅಡ್ಡವಾಗಿರುವಾಗ ಕೆಳಮುಖ ಬಲ ಪೂರ್ತಿ ಚಕ್ರಕ್ಕೆ ಹೋಗುತ್ತದೆ. ಪೆಡಲ್ ತೀರಾ ಕೆಳಗಿರುವಾಗ ಎಷ್ಟು ಒತ್ತಿದರೂ ಟಾರ್ಕ್ ಸೊನ್ನೆ. ಅಲ್ಲಿ ಒತ್ತುವ ಬದಲು, ಚಪ್ಪಲಿಗೆ ಅಂಟಿದ ಎರೆಮಣ್ಣನ್ನು ಹಿಂದಕ್ಕೆ ಒರೆಸುವಂತೆ ಪಾದ ಎಳೆಯಿರಿ.

ಚೈನ್ ಚಕ್ರದ ಹಲ್ಲು ಎಣಿಸಿ. ಮುಂದೆ 44, ಹಿಂದೆ 18 ಇದ್ದರೆ, ಚಕ್ರದ ಸುತ್ತಳತೆ 2.1 ಮೀಟರ್ ಎಂದುಕೊಂಡರೆ, ಒಂದು ಸುತ್ತಿಗೆ ಸುಮಾರು 5.1 ಮೀಟರ್. ಗಂಟೆಗೆ 15 ಕಿ.ಮೀ. ವೇಗಕ್ಕೆ ನಿಮಿಷಕ್ಕೆ 49 ಸುತ್ತು ಬೇಕು. ಪಳಗಿದ ರೇಸ್ ಸವಾರರು 80ರಿಂದ 100 ಸುತ್ತು ತುಳಿಯುತ್ತಾರೆ. ಗೇರ್ ಇಲ್ಲದ ನಮಗೆ ಅದು ಆಗದ ಮಾತು. ಆದರೆ 20 ಹಲ್ಲಿನ ಫ್ರೀವೀಲ್ ಹಾಕಿಸಿದರೆ ಅದೇ ವೇಗಕ್ಕೆ 54 ಸುತ್ತಾಗಿ, ಪ್ರತಿ ತುಳಿತದ ಭಾರ ಇಳಿಯುತ್ತದೆ.

ಸಿರುಗುಪ್ಪ ರಸ್ತೆಯ ಗದ್ದೆ ಬಯಲಿನಲ್ಲಿ ಏರು ಕಡಿಮೆ, ಎದುರುಗಾಳಿಯೇ ನಮ್ಮ ಬೆಟ್ಟ. 15 ಕಿ.ಮೀ. ವೇಗದಲ್ಲಿ ಹೋಗುವವನಿಗೆ 10 ಕಿ.ಮೀ. ವೇಗದ ಗಾಳಿ ಎದುರಾದರೆ ಗಾಳಿಯ ತಡೆ ಸುಮಾರು 2.8 ಪಟ್ಟಾಗುತ್ತದೆ. 1989ರ ಟೂರ್ ಡಿ ಫ್ರಾನ್ಸ್‌ನ ಕೊನೆಯ ದಿನ 50 ಸೆಕೆಂಡ್ ಹಿಂದಿದ್ದ ಗ್ರೆಗ್ ಲೆಮಾಂಡ್, ಕೈಗಳನ್ನು ಒಟ್ಟಿಗೆ ಮುಂದೆ ಚಾಚಿಡುವ ಹ್ಯಾಂಡಲ್ ಹಾಕಿಕೊಂಡು 24.5 ಕಿ.ಮೀ. ಓಡಿಸಿ, ಒಟ್ಟು 8 ಸೆಕೆಂಡ್‌ಗಳಿಂದ ಗೆದ್ದರು. ಲಾರಿಗಳ ನಡುವೆ ನೀವು ಹಾಗೆ ಮಾಡಬೇಡಿ! ಕೈ ಬ್ರೇಕಿನ ಹತ್ತಿರವೇ ಇರಲಿ. ಬೆನ್ನು ಗೂನು ಮಾಡದೆ ಸೊಂಟದಿಂದ ಸ್ವಲ್ಪ ಬಾಗಿ, ಮೊಣಕೈ ಸಡಿಲ ಬಿಟ್ಟು ಒಳಕ್ಕೆ ತನ್ನಿ. ಬ್ಯಾಗು ಕ್ಯಾರಿಯರ್‌ಗೆ ಕಟ್ಟಿ. ಬುರ್ಖಾ, ದುಪಟ್ಟಾ, ಪ್ಯಾಂಟಿನ ಅಂಚು ಚೈನಿಗೆ ಸಿಗದಂತೆ ನೋಡಿಕೊಳ್ಳಿ.

ಆ ಹುಡುಗನ ಸೀಟು ಈಗ ಒಂದೂವರೆ ಇಂಚು ಮೇಲಿದೆ. ನೋವು ಪೂರ್ತಿ ಹೋಗಿಲ್ಲ, ಆದರೆ ಸೈಕಲ್ ಬಿಟ್ಟಿಲ್ಲ. ಭೌತಶಾಸ್ತ್ರ ಲ್ಯಾಬ್‌ನಲ್ಲಿ ಪಾನಾ ಇದೆ. ಮಧ್ಯಾಹ್ನದ ಬಿಡುವಿನಲ್ಲಿ ಸೈಕಲ್ ತನ್ನಿ.