ತೋಟದ ಕೆರೆಯಲ್ಲಿ ಬಾತು ನೋಡುವುದು ಹೇಗೆ?

ಪುತ್ತೂರು, ಸುಳ್ಯ, ಕಡಬದವರು ಬಾತುಗಳನ್ನು ನೋಡಲು ಪಾರ್ಕು ಹುಡುಕಬೇಕಾಗಿಲ್ಲ. ತೋಟದ ಕೆರೆ, ಗುಡ್ಡದ ಬುಡದ ಮದಕ, ಕಿಂಡಿ ಅಣೆಕಟ್ಟಿನ ಹಿನ್ನೀರು ಇದ್ದರೆ ಸಾಕು. ಆದರೆ ಹಂಸ ಮಾತ್ರ ಇಲ್ಲಿ ಸಿಗದು. ಪಾರ್ಕು, ರೆಸಾರ್ಟುಗಳಲ್ಲಿ ಹಂಸವೆಂದು ಮಕ್ಕಳಿಗೆ ತೋರಿಸುವ ಬಿಳಿ ಹಕ್ಕಿ ಹೆಚ್ಚಾಗಿ ಸಾಕಿದ ಹೆಬ್ಬಾತು.

ಮೊದಲ ಕೆಲಸ ನೀರಿನ ಆಯ್ಕೆ. ನಾಲ್ಕೂ ಕಡೆ ಕಲ್ಲು ಕಟ್ಟಿದ ದೇವಸ್ಥಾನದ ಕೆರೆಗಳಲ್ಲಿ ಮಿಂಚುಳ್ಳಿ, ನೀರುಕಾಗೆ ಕಂಡಾವು. ಬಾತು ನಿಲ್ಲುವುದು ಕಡಿಮೆ. ಅಂಚಿನಲ್ಲಿ ಹುಲ್ಲು, ತಾವರೆ ಎಲೆ, ಕೆಸರು ಇರುವ ಮೌನದ ಕೆರೆಯೇ ಅದಕ್ಕೆ ಬೇಕು. ಖಾಸಗಿ ತೋಟವಾದರೆ ಮನೆಯವರನ್ನು ಕೇಳಿಯೇ ಒಳಗೆ ಹೋಗಿ. ಯಾವ ಹೊತ್ತಿಗೆ ಏನು ಬರುತ್ತದೆಂದು ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಮಳೆ ನಿಂತು ಅಣೆಕಟ್ಟಿಗೆ ಹಲಗೆ ಹಾಕಿದ ಮೇಲೆ, ಡಿಸೆಂಬರಿನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಬೆಳಿಗ್ಗೆ ಒಂಬತ್ತರೊಳಗೆ ಹೋಗಿ, ಸೂರ್ಯ ನಿಮ್ಮ ಬೆನ್ನಿಗಿರುವಂತೆ ಮರದ ನೆರಳಲ್ಲಿ ಕೂತುಬಿಡಿ. ಕೆರೆ ಸುತ್ತಬೇಡಿ. ನಡೆಯುವ ಮನುಷ್ಯನನ್ನು ಕಂಡರೆ ಹಾರುವ ಬಾತು, ಕೂತವನನ್ನು ಸ್ವಲ್ಪ ಹೊತ್ತಿನಲ್ಲಿ ಒಪ್ಪಿಕೊಳ್ಳುತ್ತದೆ. 8x42 ದುರ್ಬೀನು ಇದ್ದರೆ ಬೇರೇನೂ ಬೇಡ. ನಾಯಿಯನ್ನು ಮನೆಯಲ್ಲೇ ಬಿಡಿ.

ಇನ್ನು ಗುರುತು ಹಿಡಿಯುವುದು. ನೀರಿನ ಮೇಲಿರುವುದೆಲ್ಲ ಬಾತಲ್ಲ. ಮುಷ್ಟಿಗಾತ್ರಕ್ಕಿಂತ ತುಸು ದೊಡ್ಡದಾಗಿ, ಬಾಲವೇ ಇಲ್ಲದಂತೆ ಕಂಡು, ಪುಳಕ್ಕನೆ ಮುಳುಗಿ ಬೇರೆಲ್ಲೋ ಏಳುವುದು ಗುಳುಮುಳುಕ. ಮೈ ಅರ್ಧ ನೀರಲ್ಲಿ ಮುಳುಗಿಸಿ ಈಜಿ, ಆಮೇಲೆ ಕೊಂಬೆಯ ಮೇಲೆ ರೆಕ್ಕೆ ಹರಡಿ ಒಣಗಿಸುವುದು ನೀರುಕಾಗೆ. ದಡದ ಪೊದೆಯಲ್ಲಿ ಬಾಲ ಕುಣಿಸುತ್ತ ನಡೆಯುವ ಬಿಳಿ ಎದೆಯದು ಹುಂಡುಕೋಳಿ.

ನಮ್ಮ ಕಡೆ ಕಾಯಬೇಕಾದ ಹಕ್ಕಿ ಸಿಳ್ಳೆ ಬಾತು. ಮೈ ಕಂದು, ಕೊಕ್ಕು ಬೂದುಗಪ್ಪು, ಕಣ್ಣಿನ ಸುತ್ತ ತೆಳುವಾದ ಹಳದಿ ಬಳೆ. ಹಾರುವಾಗ ಕತ್ತು ಕೆಳಗೆ ಬಾಗಿ ಗೂನು ಬಿದ್ದಂತೆ ಕಾಣುತ್ತದೆ, ಕಾಲು ಬಾಲದಾಚೆಗೆ ಚಾಚಿರುತ್ತದೆ. ಇದು ಮೇಯುವುದು ಹೆಚ್ಚಾಗಿ ರಾತ್ರಿ. ಹಗಲು ಗುಂಪಾಗಿ ತೂಕಡಿಸುತ್ತದೆ. ಹಾಗಾಗಿ ಹಗಲಲ್ಲಿ ಕಾಣದಿದ್ದರೆ ಮುಸ್ಸಂಜೆ ಇನ್ನೊಮ್ಮೆ ಹೋಗಿ, ಗದ್ದೆ ಕಡೆ ಹೊರಡುವಾಗಿನ ಸಿಳ್ಳೆ ಕೇಳಿ. ಮಳೆಗಾಲದಲ್ಲಿ ಮರದ ಪೊಟರೆಯಲ್ಲೂ ಮೊಟ್ಟೆಯಿಡುವ ಹಕ್ಕಿಯಿದು. ಕೆರೆ ಬದಿಯ ಟೊಳ್ಳು ಮರವನ್ನು ದಯವಿಟ್ಟು ಕಡಿಯಬೇಡಿ.

ಕಪ್ಪು ಕೊಕ್ಕಿನ ತುದಿ ಹಳದಿ, ಬುಡದಲ್ಲಿ ಕೆಂಪು ಚುಕ್ಕೆ ಇದ್ದರೆ ವರಟೆ ಬಾತು. ತಲೆ ನೀರಿಗೆ, ಬಾಲ ಆಕಾಶಕ್ಕೆ ಮಾಡಿ ಮೇಯುತ್ತದೆ.

ಬ್ರೆಡ್ಡು, ಮಂಡಕ್ಕಿ ಎಸೆಯಬೇಡಿ. ತಿನ್ನದೆ ಉಳಿದದ್ದು ಕೊಳೆತು ನೀರು ಕೆಡುತ್ತದೆ. ತಿಂದರೂ ಹಕ್ಕಿಗೆ ಪೋಷಣೆಯಿಲ್ಲ. ಗೂಡಿನ ಹತ್ತಿರ ಫೋಟೋಕ್ಕೆ ಹೋಗಬಾರದು. ಕಾಡು ಬಾತುಗಳನ್ನು ಹಿಡಿಯುವುದು, ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ತೋಟ ಇರುವವರಿಗೆ ಒಂದು ಕೋರಿಕೆ. ಪ್ಲಾಸ್ಟಿಕ್ ಹೊದಿಸಿದ ಕಡಿದಾದ ಹೊಂಡದಲ್ಲಿ ಬಿದ್ದ ಮರಿ ಮೇಲೆ ಹತ್ತಲಾರದು. ಒಂದು ಮೂಲೆಯಲ್ಲಿ ಹಲಗೆಯನ್ನೋ ಒರಟು ಹಗ್ಗದ ಬಲೆಯನ್ನೋ ನೀರಿಗೆ ಇಳಿಬಿಡಿ. ಹಳೆ ಕೆರೆಯ ಹೂಳೆತ್ತುವಾಗ ಒಂದು ದಡದ ಹುಲ್ಲನ್ನಾದರೂ ಉಳಿಸಿ.

ಕಂಡದ್ದನ್ನು ದಿನಾಂಕ, ಹೊತ್ತು, ಸಂಖ್ಯೆ ಸಮೇತ ಬರೆದಿಡಿ. ಇ-ಬರ್ಡ್ ಆ್ಯಪ್‌ಗೂ ಹಾಕಬಹುದು. 1987ರಲ್ಲಿ ಶುರುವಾದ ಏಷ್ಯಾದ ನೀರುಹಕ್ಕಿ ಗಣತಿ ಪ್ರತಿ ಜನವರಿಯಲ್ಲಿ ನಡೆಯುತ್ತದೆ, ಆಸಕ್ತರೂ ಕೈಜೋಡಿಸಬಹುದು. ಕಾಡು ಹೆಬ್ಬಾತನ್ನೇ ನೋಡಬೇಕೆಂದರೆ ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೊರಡಿ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಹಿಂಡುಗಟ್ಟಿ ಇಳಿಯುತ್ತವೆ. ಮಹತ್ವದ ಜೌಗು ನೆಲೆಗಳಿಗೆ ಕೊಡುವ ರಾಮ್ಸಾರ್ ಮಾನ್ಯತೆಯೂ 2024ರಲ್ಲಿ ಆ ಕೆರೆಗೆ ಸಿಕ್ಕಿದೆ.