ಮನೆಯಲ್ಲಿ ಯುದ್ಧವಿಮಾನ ಕಟ್ಟುವವರಿಗೆ ಏಳು ಸೂತ್ರ

ಹಳೆಯ ಯುದ್ಧವಿಮಾನಗಳ ಪ್ರತಿಕೃತಿಯನ್ನು ಕಿಟ್ ತರಿಸಿ ಸ್ವತಃ ಜೋಡಿಸಿ ಹಾರಿಸುವವರು ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಬಹಳ ಮಂದಿ. ಬೆಂಗಳೂರಿನ ಪೂರ್ವಭಾಗದಲ್ಲಿರುವ ನಮಗೆ ಈ ಕೆಲಸ ಪರಕೀಯವೇನಲ್ಲ.

1. ಜೋಡಿಸುವುದನ್ನು ಕೀಳೆಂದು ಎಣಿಸಬೇಡಿ. ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ 1940ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಇಂದಿನ ಎಚ್‌ಎಎಲ್) ಶುರುಮಾಡಿದ್ದೇ ಜೋಡಣೆಯಿಂದ. ಅಮೆರಿಕದಿಂದ ಬಂದ ಭಾಗಗಳಿಂದ 1941ರಲ್ಲಿ ಹಾರ್ಲೋ ತರಬೇತಿ ವಿಮಾನ, 1942ರಲ್ಲಿ ಕರ್ಟಿಸ್ ಹಾಕ್ ಯುದ್ಧವಿಮಾನ ಇಲ್ಲಿಂದ ಮೇಲೆದ್ದವು. 1951ರಲ್ಲಿ ಅದೇ ಕಾರ್ಖಾನೆ ಸ್ವಂತ ವಿನ್ಯಾಸದ ತರಬೇತಿ ವಿಮಾನ ಎಚ್‌ಟಿ-2 ಹಾರಿಸಿತು.

2. ಮೊದಲು ಮರದಲ್ಲಿ ಮಾಡಿ ನೋಡಿ. ಜರ್ಮನಿಯ ಕುರ್ಟ್ ಟ್ಯಾಂಕ್ ಇಲ್ಲಿ ಮಾರುತ್ ಜೆಟ್ ಯುದ್ಧವಿಮಾನದ ವಿನ್ಯಾಸ ಮಾಡುತ್ತಿದ್ದಾಗ ನೇರ ಲೋಹಕ್ಕೆ ಕೈಹಾಕಲಿಲ್ಲ. ಅದೇ ಆಕಾರ, ಅದೇ ಅಳತೆಯ ಮರದ ಗ್ಲೈಡರ್ ಕಟ್ಟಿಸಿದರು. ಎಂಜಿನ್ ಇರಲಿಲ್ಲ, 1959ರಲ್ಲಿ ಡಕೋಟಾ ವಿಮಾನ ಅದನ್ನು ಎಳೆದುಕೊಂಡು ಮೇಲೇರಿ ಬಿಡುತ್ತಿತ್ತು. ರೆಕ್ಕೆ ಹೇಗೆ ವರ್ತಿಸುತ್ತದೆ, ಇಳಿಯುವಾಗ ಕೈಗೆ ಹೇಗೆ ಸಿಗುತ್ತದೆ ಎಂಬುದೆಲ್ಲ ಆ ಹಾರಾಟಗಳಲ್ಲೇ ತಿಳಿಯಿತು. ನಿಜವಾದ ಮಾರುತ್ 1961ರ ಜೂನ್ 17ರಂದು ಹಾರಿತು, ಚಾಲಕ ಸುರಂಜನ್ ದಾಸ್. ಹಳೇ ಮದ್ರಾಸ್ ರಸ್ತೆಯಿಂದ ಎಚ್‌ಎಎಲ್ ಕಡೆಗೆ ಹೋಗುವ ಸುರಂಜನ್‌ದಾಸ್ ರಸ್ತೆ ಅವರದೇ ಹೆಸರಿನದು. 1970ರಲ್ಲಿ ಮಾರುತ್‌ನ ಪರೀಕ್ಷಾ ಹಾರಾಟದಲ್ಲೇ ಅವರು ತೀರಿಕೊಂಡರು. ಆ ರಸ್ತೆಯಲ್ಲಿ ಓಡಾಡುವ ಪ್ರತಿ ಮಗುವಿಗೂ ಇದು ಗೊತ್ತಿರಬೇಕು ಎಂಬುದು ನನ್ನ ಆಸೆ.

3. ಗಾತ್ರ ಇಳಿಸಿ. ಟೈಟನ್ ಟಿ-51 ಕಿಟ್ ಅಸಲಿ ಯುದ್ಧವಿಮಾನ ಮಸ್ಟಾಂಗ್‌ನ ಮುಕ್ಕಾಲು ಗಾತ್ರ. ಅಸಲಿಯ ಮರ್ಲಿನ್ ಎಂಜಿನ್ ಸುಮಾರು 1,500 ಅಶ್ವಶಕ್ತಿಯದು. ಕಿಟ್ ವಿಮಾನ 100 ಅಶ್ವಶಕ್ತಿಯ ರೋಟಾಕ್ಸ್‌ನಲ್ಲೂ ಹಾರುತ್ತದೆ.

4. ಅಸಲಿಯನ್ನು ಕಣ್ಣಾರೆ ನೋಡಿ. ಹಳೇ ವಿಮಾನನಿಲ್ದಾಣ ರಸ್ತೆಯ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಮಾರುತ್ ನಿಂತಿದೆ. ಸುತ್ತಲೂ ನಡೆಯಿರಿ, ರೆಕ್ಕೆ ಒಡಲಿಗೆ ಸೇರುವ ಜಾಗದಲ್ಲಿ ನಿಂತು ನೋಡಿ. ಒಂದು ಬದಿಯಿಂದ ತೆಗೆದ ಫೋಟೊ ಆ ಜಾಗದ ಆಕಾರವನ್ನು ಹೇಳುವುದಿಲ್ಲ. ರೆಕ್ಕೆಯಗಲ 9 ಮೀಟರ್. ಹತ್ತನೇ ಒಂದರ ಮಾದರಿಗೆ 90 ಸೆಂಟಿಮೀಟರ್. ಸ್ಪಿಟ್‌ಫೈರ್ ಕಟ್ಟುವವರು ಲೋಕದಲ್ಲೆಲ್ಲ ಇದ್ದಾರೆ. ನೀವು ಮಾರುತ್ ಕಟ್ಟಿ.

5. ತೂತಿನ ಅಂಚು ಕೆರೆಯಿರಿ. ಅಲ್ಯೂಮಿನಿಯಂ ಹಾಳೆ ಕೊರೆದಾಗ ತೂತಿನ ಸುತ್ತ ಕೂದಲೆಳೆಯಷ್ಟು ಚೂಪು ಸಿಪ್ಪೆ ಏಳುತ್ತದೆ. ಬೆರಳು ಸವರಿದರೆ ಚುರ್ ಎನ್ನುತ್ತದೆ. ಎರಡೂ ಕಡೆ ಅದನ್ನು ತೆಗೆದ ಮೇಲೆಯೇ ರಿವೆಟ್. ಬಿಟ್ಟರೆ ಹಾಳೆಗಳು ಒತ್ತಾಗಿ ಕೂರುವುದಿಲ್ಲ, ನಡುಕಕ್ಕೆ ಅಲ್ಲಿಂದಲೇ ಬಿರುಕು ಬಿಡುತ್ತದೆ. ಸಾವಿರಾರು ತೂತುಗಳ ಕೆಲಸ ಇದು, ಬೇಸರ ಬಂದ ದಿನ ಕೊರೆಯುವ ಯಂತ್ರ ಮುಟ್ಟಬೇಡಿ. ಇನ್ನು ಬೋಲ್ಟು: ಶಿವಾಜಿನಗರದ ಗುಜರಿಯ ಮಾಲು ಪ್ರದರ್ಶನದ ಮಾದರಿಗೆ ಸಾಕು, ಹಾರುವ ವಿಮಾನಕ್ಕೆ ಪ್ರಮಾಣಪತ್ರ ಇರುವ ವಿಮಾನದ ಬೋಲ್ಟೇ ಬೇಕು.

6. ಕಾಗದಪತ್ರ ಮೊದಲ ದಿನದಿಂದಲೇ. ಮುಂಬೈಯ ಅಮೋಲ್ ಯಾದವ್ ಮನೆಯ ತಾರಸಿಯ ಮೇಲೆ ಆರು ಆಸನದ ವಿಮಾನ ಕಟ್ಟಿದರು. ಅದಕ್ಕೆ ನೋಂದಣಿ ಸಿಕ್ಕಿದ್ದು ವರ್ಷಗಟ್ಟಲೆ ಅಲೆದ ಮೇಲೆ, 2017ರಲ್ಲಿ. ಪ್ರತಿ ಹಂತದ ಫೋಟೊ, ಸಾಮಗ್ರಿಯ ರಸೀದಿ, ದಿನಾಂಕ ಹಾಕಿದ ಟಿಪ್ಪಣಿ ಇಟ್ಟುಕೊಳ್ಳಿ. ಕೊನೆಗೆ ಕೂತು ನೆನಪಿನಿಂದ ಬರೆದರೆ ತಪಾಸಣೆಯಲ್ಲಿ ನಿಲ್ಲುವುದಿಲ್ಲ.

7. ಹಾರಿಸುವ ಜಾಗ ಮೊದಲೇ ಗೊತ್ತುಮಾಡಿ. ರಿಮೋಟಿನ ಮಾದರಿಯನ್ನೂ ಇಂದಿರಾನಗರದ ಮೈದಾನದಲ್ಲಿ ಎಬ್ಬಿಸಬೇಡಿ. ಎಚ್‌ಎಎಲ್ ನಿಲ್ದಾಣ ಪಕ್ಕದಲ್ಲೇ ಇದೆ, ಸುತ್ತ ಅನುಮತಿಯಿಲ್ಲದೆ ಹಾರಿಸಬಾರದ ಕೆಂಪು ವಲಯ. ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆ ತೆರೆದು ಹಸಿರು ವಲಯ ಹುಡುಕಿ, ಜಮೀನಿನವರ ಒಪ್ಪಿಗೆ ಪಡೆದು, ಗಾಳಿ ಇಳಿದಿರುವ ಬೆಳಗಿನ ಹೊತ್ತಿಗೆ ಅಲ್ಲಿಗೆ ಹೋಗಿ.